ಹೆಸರಿನ ಸುತ್ತ

ಯಶವಂತ ಹೆಸರಿನ ಸುತ್ತ ಉಜ್ಜುತ್ತಿದ್ದ. ಹೆಸರನ್ನಲ್ಲ.

ಭವ್ಯ ಊಟದ ಡಬ್ಬಿ ಹಿಡಿದು ದೂರದಲ್ಲೇ ನಿಂತು ನೋಡಿದಳು. ಹಿನ್ನೀರಿನ ದಡದಲ್ಲಿ, ಎರಡು ಮರದ ದಿಮ್ಮಿಗಳ ಮೇಲೆ ಫೈಬರ್ ದೋಣಿ ಕೂತಿತ್ತು. ವರ್ಷಗಟ್ಟಲೆ ಬಿಸಿಲು ತಿಂದು ಅದರ ನೀಲಿ ಬಿಳಿಚಿಕೊಂಡಿತ್ತು. ಬೆರಳಾಡಿಸಿದರೆ ಹಿಟ್ಟಿನಂಥ ಪುಡಿ ಅಂಟುತ್ತಿತ್ತು. ಆ ಸತ್ತ ಬಣ್ಣದ ನಡುವೆ ಒಂದು ಪದ ಮಾತ್ರ ಕಡುನೀಲಿಯಾಗಿ, ನಿನ್ನೆ ಬರೆದಂತೆ ಎದ್ದು ಕಾಣುತ್ತಿತ್ತು. ನಿಶ್ಚಿತಾ.

ಮೇಗುಂದದ ಹುಡುಗಿ. ಯಶವಂತನಿಗೂ ಅವಳಿಗೂ ಮದುವೆ ಮಾತಾಗಿ, ಮುರಿದು, ಅವಳು ಬೇರೆ ಕಡೆ ಹೋದದ್ದು ನರಸಿಂಹರಾಜಪುರಕ್ಕೆಲ್ಲ ಗೊತ್ತು. ಭವ್ಯಳಿಗೂ ಗೊತ್ತಿತ್ತು. ದೋಣಿಗೆ ಆ ಹೆಸರಿರುವುದು ಮಾತ್ರ ಗೊತ್ತಿರಲಿಲ್ಲ. ಯಶವಂತನನ್ನು ಮದುವೆಯಾದ ಮೇಲೆ ಭವ್ಯ ಈ ದಡಕ್ಕೆ ಬಂದದ್ದೇ ಈಗ, ಅವನು ಉಜ್ಜಲು ಶುರುಮಾಡಿದ ಮೇಲೆ.

ದಸರಾ ರಜೆಗೆ ದೋಣಿ ನೀರಿಗಿಳಿಯಲಿತ್ತು. ಅಂದು ಪ್ರವಾಸಿಗರ ಜೊತೆ ಅರ್ಧ ಊರೂ ದಡದಲ್ಲಿ ನಿಂತಿರುತ್ತದೆ. ಅಷ್ಟರೊಳಗೆ ಆ ಹೆಸರು ಹೋಗಬೇಕು. ಭವ್ಯಳಿಗೆ ಬೇಕಿದ್ದದ್ದು ಅಷ್ಟೇ.

"ಎಂತ ಅತ್ತಿಗೆ, ಅಲ್ಲೇ ನಿಂತ್ರಿ?" ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ದೇವರಾಜ ನಕ್ಕ. "ಇವ ಈಗ ಅನ್ನ ಕೊಟ್ರೂ ದೋಣಿಗೇ ಹಚ್ಚಿ ಉಜ್ತಾನೆ."

"ನಿನ್ನ ಬಾಯಿಗೂ ಒಂಚೂರು ಪಾಲಿಶ್ ಹಾಕ್ಬೇಕು ಮಾರಾಯ," ಎಂದ ಯಶವಂತ, ತಲೆ ಎತ್ತದೆ.

"ಅಲ್ಲ, ಇಡೀ ದೋಣಿ ಮಾಸಿದ್ರೂ ಆ ಜಾಗ ಮಾತ್ರ ಮಾಸ್ಲಿಲ್ಲ ನೋಡಿ ಅತ್ತಿಗೆ. ಭಾರೀ ಗಟ್ಟಿ."

ಯಶವಂತ ಉಜ್ಜುವ ವಾಟರ್ ಪೇಪರನ್ನು ಬಕೆಟಿನಲ್ಲಿ ಅದ್ದಿ, 'ನಿ'ಯ ಅಂಚಿನವರೆಗೆ ಹೋಗಿ ಕೈ ನಿಲ್ಲಿಸಿದ. ಅಷ್ಟು ಹುಷಾರಾಗಿ ಅವನು ಏನನ್ನಾದರೂ ಮುಟ್ಟಿದ್ದನ್ನು ಭವ್ಯ ಕಂಡಿರಲಿಲ್ಲ. ತನ್ನನ್ನೂ.

ಡಬ್ಬಿ ಇಟ್ಟು ಅವಳೂ ಒಂದು ತುಂಡು ಪೇಪರ್ ಎತ್ತಿಕೊಂಡಳು. "ನಾನೂ ಉಜ್ತೀನಿ." ಕೈ ನೇರ ಹೆಸರಿನತ್ತ ಹೋಯಿತು.

ಅವನು ಮಣಿಕಟ್ಟು ಹಿಡಿದ. "ಅಕ್ಷರ ಮುಟ್ಬೇಡ."

"ಯಾಕೆ?"

"ಅಲ್ಲಿ ಬಣ್ಣ ಸರಿ ಇದೆ. ಉಳಿದದ್ದನ್ನ ಅದರ ಮಟ್ಟಕ್ಕೆ ತರ್ಬೇಕು."

ಉಳಿದದ್ದು. ಆ ಪದವನ್ನು ಭವ್ಯ ಮನೆಯವರೆಗೂ ಹೊತ್ತು ತಂದಳು.

ರಾತ್ರಿ ಊಟಕ್ಕೆ ಕೂತಾಗಲೂ ಅವನ ಉಗುರಿನ ಸಂದಿಯಲ್ಲಿ ನೀಲಿ ಇತ್ತು. ಭವ್ಯ ಮಾತನ್ನು ಅಳೆದು ಆಡಿದಳು. "ಹಳೇ ದೋಣಿಗೆ ಇಷ್ಟು ಕಷ್ಟ ಯಾಕ್ರೀ? ಮೇಲಿಂದ ಪೇಂಟ್ ಹೊಡೆದ್ರೆ ಆಗಲ್ವ?"

"ಪೇಂಟ್ ಬರೀ ಮುಚ್ತದೆ. ಒಂದು ಮಳೆಗೆ ಎದ್ದು, ಅಡಿಯದ್ದು ಮತ್ತೆ ಕಾಣ್ತದೆ. ನಂಗೆ ಹಾಗೆ ಬೇಡ."

ಮುಚ್ಚಲೂ ಮನಸ್ಸಿಲ್ಲ. ಅವಳು ಸಾರು ಬಡಿಸಿ ಎದ್ದಳು.

ದೋಣಿ ಇಳಿಸುವ ಮುನ್ನಾದಿನ ಯಶವಂತ ಪೇಟೆಗೆ ವ್ಯಾಕ್ಸ್ ತರಲು ಬೈಕು ಹತ್ತಿದ. ದೇವರಾಜ ನೀರಿನ ಮೇಲಿದ್ದ. ಭವ್ಯ ಗೇಟಿನ ತುಕ್ಕು ತಿಕ್ಕುವ ಒರಟು ಉಪ್ಪುಕಾಗದವನ್ನು ಸೆರಗಿನಲ್ಲಿಟ್ಟುಕೊಂಡು ದಡಕ್ಕಿಳಿದಳು.

ದೋಣಿಯನ್ನು ನೋಡಿ ಒಂದು ಕ್ಷಣ ನಿಂತುಬಿಟ್ಟಳು. ಇಡೀ ಮೈ ಕಡುನೀಲಿ. ಅದರಲ್ಲಿ ಅವಳ ಮುಖ ಕಾಣುತ್ತಿತ್ತು. ಹೆಸರು ಎಲ್ಲಿದೆ ಎಂದು ಹುಡುಕಬೇಕಾಯಿತು. ತಲೆ ವಾಲಿಸಿ, ಬೆಳಕಿಗೆ ಓರೆಯಾಗಿ ನೋಡಿದಾಗ ಮಾತ್ರ ಅಂಚು ಸಿಕ್ಕಿತು. ಹೊಳಪಿಗೆ ಕಣ್ಣು ಕೋರೈಸಿರಬೇಕು ಎಂದುಕೊಂಡಳು.

ಸುತ್ತಲಿನ ಪಾಲಿಶ್ ಕೆಟ್ಟರೆ ಅವನಿಗೆ ನೋವಾಗುತ್ತದೆ. ಆದ್ದರಿಂದ ಕಾಗದವನ್ನು ಅಕ್ಷರದಷ್ಟೇ ಅಗಲಕ್ಕೆ ಮಡಚಿದಳು. 'ನಿ'ಯ ಗುಡಿಸಿನಿಂದ ಶುರುಮಾಡಿ, ಗೆರೆ ಬಿಟ್ಟು ಆಚೀಚೆ ಹೋಗದೆ, ಬಲ ಹಾಕಿ ತಿಕ್ಕಿದಳು. ಶಕಾರದ ಕೆಳಗಿನ ಒತ್ತನ್ನೂ ಬಿಡಲಿಲ್ಲ. ನೀಲಿ ಪದರ ಹರಿದು ಪುಡಿ ಮೇಲೆದ್ದು ಎಲ್ಲದರ ಮೇಲೂ ಕೂತಿತು. ತೋಳು ಸೋತರೂ ಅವಳು ನಿಲ್ಲಿಸಲಿಲ್ಲ. ಆ ಹೆಸರಿನ ನೀಲಿ ಒಂದು ಚೂರೂ ಉಳಿಯಬಾರದು.

ಬೈಕಿನ ಸದ್ದು ಕೇಳಿದಾಗ ಕೆಲಸ ಮುಗಿದಿತ್ತು.

ಯಶವಂತ ಪುಡಿ ಮುಚ್ಚಿದ ದೋಣಿಯನ್ನೂ ಅವಳ ಕೈಯಲ್ಲಿದ್ದ ಕಾಗದವನ್ನೂ ನೋಡಿದ. ವ್ಯಾಕ್ಸ್ ಡಬ್ಬ ಕೆಳಗಿಟ್ಟು, ಮಗ್ಗಿನಲ್ಲಿ ನೀರು ತುಂಬಿಕೊಂಡ.

"ನಾನೇ ತೆಗ್ದೆ," ಎಂದಳು ಭವ್ಯ. "ಆ ಹೆಸ್ರು ನಂಗೆ ಆಗ್ತಿರ್ಲಿಲ್ಲ."

"ನಂಗೂ." ಅವನು ನಿಧಾನಕ್ಕೆ ನೀರು ಸುರಿದ. "ಅದ್ಕೇ ಕೆಲ್ಸ ಹಿಡಿದ ದಿನವೇ ಹೆಸ್ರಿನ ಬಿಳಿ ಸ್ಟಿಕ್ಕರ್ ಅಕ್ಷರ ಕಿತ್ತೆ. ಅದರ ಅಡಿಗೆ ಬಿಸಿಲು ತಾಗದ ನೀಲಿ ಹಾಗೇ ಉಳ್ಕೊಂಡಿತ್ತು. ಸುತ್ತ ಎಲ್ಲ ಅಷ್ಟೇ ನೀಲಿ ಆದ್ರೆ ಮತ್ತೆ ಓದೋಕೆ ಎಂತ ಇರ್ತದೆ? ಇವತ್ತು ಬೆಳಿಗ್ಗೆ ಪೂರ್ತಿ ಹೋಗಿತ್ತು ಮಾರಾಯ್ತಿ."

ನೀರಿಗೆ ಪುಡಿ ಇಳಿದುಹೋಯಿತು. ಕಡುನೀಲಿ ಮೈಯ ಮೇಲೆ, ಆಚೆ ದಡದವರೂ ಓದುವಷ್ಟು ದಪ್ಪ ಬಿಳಿ ಗೀರುಗಳಲ್ಲಿ, ಒಂದು ಒತ್ತೂ ತಪ್ಪದೆ, ಭವ್ಯ 'ನಿಶ್ಚಿತಾ' ಎಂದು ಕೆತ್ತಿದ್ದಳು.