ಮುಂಚೆ ಬಂದ ಫೋಟೋ

ಪ್ರವಾಸದಲ್ಲಿ ಮುಂದೆ ತೆಗೆಯಲಿರುವ ಫೋಟೋಗಳು ಎಲ್ಲರಿಗೂ ಹೊರಡುವುದಕ್ಕೆ ಎಂಟು ದಿನ ಮೊದಲೇ ಬರುತ್ತವೆ. ಅವನ್ನು ನೋಡಿಯೇ ಜನ ಬಟ್ಟೆ ಜೋಡಿಸಿಕೊಳ್ಳುತ್ತಾರೆ. ಅಂಡಮಾನಿಗೆ ಹೊರಟಿದ್ದ ಪಂಕಜಾಳಿಗೂ ಬಂದವು. ಒಂದರಲ್ಲಿ ಸಮುದ್ರದ ದಡದಲ್ಲಿ ಅವಳ ಹೆಗಲ ಮೇಲೆ ಕೈಹಾಕಿಕೊಂಡು ನಳಿನಕ್ಕ ನಗುತ್ತಿದ್ದಳು. ಅಮ್ಮನ ತಿಥಿಯ ದಿನ ಜಗಳವಾಡಿ ಹೋದ ಅಕ್ಕ ಹನ್ನೊಂದು ವರ್ಷದಿಂದ ಮಾತೇ ಬಿಟ್ಟಿದ್ದಳು.

"ಏನ್ರೀ, ನಾವಿಬ್ಬರೇ ತಾನೇ ಹೋಗ್ತಿರೋದು? ಇವಳೆಲ್ಲಿಂದ ಬಂದ್ಲು?" ಎಂದು ಪಂಕಜಾ ಗಂಡನನ್ನು ಕೇಳಿದಳು.

"ನಂಗೇನ್ ಗೊತ್ತು? ಇನ್ನೊಂದು ಟಿಕೆಟ್ ಮಾಡ್ಸೋದಾ ಬೇಡ್ವಾ, ಅಷ್ಟು ಹೇಳು," ಎಂದ ಶ್ರೀಕಂಠ.

ಏನೂ ತೋಚದೆ ಸಂಜೆವರೆಗೂ ಒದ್ದಾಡಿ, ಕೊನೆಗೆ ಅವಳು ಅಕ್ಕನಿಗೆ ಫೋನ್ ಮಾಡಿದಳು.

"ನನಗೂ ಒಂದು ಫೋಟೋ ಬಂದಿದೆ ಕಣೇ," ಎಂದಳು ನಳಿನಕ್ಕ. "ಅದರಲ್ಲಿ ನೀನು ಅಳ್ತಿದ್ದೀಯಲ್ಲೇ, ಯಾಕೆ?"



"ಗೊತ್ತಿಲ್ಲಕ್ಕ. ಬಾ, ಹೋಗಿ ನೋಡೋಣ," ಎಂದಳು ಪಂಕಜಾ.