ಅರ್ಧ ಚೀಲ ಬೇಳೆ

ಶರೀಫಾಬಿಯ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸಿನಲ್ಲೇ ಬಾಟಲಿಯ ಮುಚ್ಚಳ ಸಡಿಲಾಗಿ, ಅಫಜಲಪುರದಿಂದ ಮಾದರಿಗೆಂದು ತಂದ ತೊಗರಿಬೇಳೆಯೆಲ್ಲ ನೆನೆದುಹೋಗಿತ್ತು. ಜೇವರ್ಗಿಯ ಕಚೇರಿಯ ಪಡಸಾಲೆಯಲ್ಲಿ ಅವಳು ಕುಸಿದು ಕೂತಳು.

"ನಮ್ಮ ಮಿಲ್ಲಿನ ಹೆಣ್ಮಕ್ಕಳಿಗೆ ಹೋಗಿ ಏನ್ ಮಾರಿ ತೋರಸ್ಲಿ ಅಕ್ಕಾ?"

ಪಕ್ಕದಲ್ಲಿದ್ದ, ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದ ಕಸ್ತೂರಿಬಾಯಿ ತನ್ನ ಬೇಳೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಹೊಸ ಕಾಯಿದೆ ಬಂದಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಪಾಲುದಾರರಾಗಿ ಒಂದೇ ದೊಡ್ಡ ದಾಲ್‌ಮಿಲ್ಲು ಹಾಕಬೇಕು. ಯಾರ ಬೇಳೆ ಗೆಲ್ಲುವುದೋ ಅಲ್ಲಿಗೆ ಮಿಲ್ಲು. ಉಳಿದೆರಡು ಕಡೆ ಹೆಂಗಸರ ಸಂಘದ ಸಣ್ಣ ಮಿಲ್ಲುಗಳಿಗೆ ಬೀಗ.

ಕಸ್ತೂರಿಬಾಯಿ ಆ ನೆನೆದ ಚೀಲವನ್ನು ಮುಟ್ಟಿ ನೋಡಿದಳು. ಆಮೇಲೆ ಬುತ್ತಿಯ ಚೀಲದಿಂದ ರೊಟ್ಟಿ ತೆಗೆದು, ಚೀಲ ಕೊಡವಿ, ಅದಕ್ಕೆ ತನ್ನ ಬೇಳೆಯಲ್ಲಿ ಅರ್ಧ ಸುರಿದು ಶರೀಫಾಬಿಯತ್ತ ಚಾಚಿದಳು.

"ಹುಚ್ಚಿದ್ದೀರೇನ್ರಿ! ನಿಮ್ಮೂರ ಬ್ಯಾಳಿ ನಮ್ಮ ಹೆಸರಿಲೆ?"

"ತಗೋ ಬೇ. ಕರಿ ಮಣ್ಣು ಎರಡೂ ಕಡಿ ಒಂದ ಅದ. ಸೋಲೂದಿದ್ರ ಬ್ಯಾಳಿ ಸಲುವಾಗಿ ಸೋಲು, ಬಾಟಲಿ ಸಲುವಾಗಿ ಬ್ಯಾಡ. ಪಾಲುದಾರರು ಅಂತ ಸರಕಾರನೇ ಹೇಳ್ಯದಲ್ಲ!"

ಶರೀಫಾಬಿ ಅಳುತ್ತಲೇ ನಕ್ಕಳು.

ಮಧ್ಯಾಹ್ನ, ಒಳಗೆ ಮೂರೂ ಮಾದರಿ ನೋಡಿದ ಸಾಹೇಬರು ಹೊರಗೆ ಬಂದರು. "ಜೇವರ್ಗಿದು ನುಚ್ಚು ಜಾಸ್ತಿ ಅದ. ಉಳಿದ ಎರಡೂ ಒಂದೇ ಕಾಳಿನ ಎರಡು ಹೋಳಿನಂಗ ಅವ. ಬ್ಯಾಳಿ ನೋಡಿ ಹೇಳಾಕ ಆಗ್ಲಿಲ್ಲ, ಯಾವ ಕಡಿ ರಸ್ತೆ ಛಲೋ ಅದ ಅಂತ ನೋಡಿದ್ವಿ. ಮಿಲ್ಲು ಅಫಜಲಪುರಕ್ಕ."

ಶರೀಫಾಬಿ ತಟ್ಟನೆ ಎದ್ದುನಿಂತಳು. ಕಸ್ತೂರಿಬಾಯಿ ಅವಳ ಸೆರಗು ಹಿಡಿದು ಜಗ್ಗಿದಳು. "ಕೂಡು. ಖರೇ ಹೇಳಿದ್ರ ನಿಂದೂ ಹೋಗ್ತದ, ನಂದೂ ಹೋಗ್ತದ." ಅವಳು ಕೂಡುವವರೆಗೂ ಸೆರಗು ಬಿಡಲಿಲ್ಲ.

ಹೊರಡುವಾಗ ಜವಾನ, ಮಾದರಿ ಹಾಕಿ ಕೊಟ್ಟಿದ್ದ ಬುತ್ತಿಯ ಚೀಲವನ್ನು ಶರೀಫಾಬಿಗೆ ಮರಳಿ ತಂದುಕೊಟ್ಟ. ಖಾಲಿ ಚೀಲ. ಕೊಟ್ಟವರ ಪಾತ್ರೆಯನ್ನಾಗಲಿ ಚೀಲವನ್ನಾಗಲಿ ಬರಿದಾಗಿ ಹಿಂದಿರುಗಿಸುವ ರೂಢಿ ಆ ಸೀಮೆಯಲ್ಲಿಲ್ಲ. ಶರೀಫಾಬಿಯ ಹತ್ತಿರ ಬೇರೇನೂ ಇರಲಿಲ್ಲ. ತನ್ನ ನೆನೆದ ಬೇಳೆಯನ್ನೇ ಅದಕ್ಕೆ ತುಂಬಿ, ಮುಖ ನೋಡದೆ ಕೈಗಿತ್ತಳು.

"ಛಲೋ ಆಯ್ತು. ಸಂಜಿಗಿ ಬ್ಯಾಳಿ ಲಗೂನ ಬೇಯ್ತದ," ಎಂದಳು ಕಸ್ತೂರಿಬಾಯಿ.

ದಾರಿಯುದ್ದಕ್ಕೂ ಚೀಲ ಮಡಿಲಲ್ಲಿತ್ತು. ಕಿಣ್ಣಿ ಸುಲ್ತಾನದಲ್ಲಿ ಇಳಿದಾಗ ಸೀರೆಯೆಲ್ಲ ಒದ್ದೆ. ಬೀಗ ಬೀಳಲಿರುವ ಸಂಘದ ಮಿಲ್ಲಿನ ಅಂಗಳದಲ್ಲಿ, ಸುದ್ದಿ ತಿಳಿಯದ ಹೆಂಗಸರು ನಾಳೆಯ ಬಿಸಿಲಿಗೆ ಹರವಲೆಂದು ತೊಗರಿಗೆ ಎಣ್ಣೆ ಸವರುತ್ತ ಕೂತಿದ್ದರು.