ಬನದ ಮರಗಳು

ಮಂತ್ರಾಕ್ಷತೆ ಹಾಕಲು ಎತ್ತಿದ ಕೈಯನ್ನು ಅಲ್ಲೇ ತಡೆದು ಸ್ವಾಮೀಜಿ ಕೇಳಿದರು: "ಮರ್ಕಂಜದಲ್ಲಿ ಗುಡ್ಡ ಜರಿದ ಮನೆಯವರಲ್ಲವೇ?" ವೇದಾವತಿ ಬೊಗಸೆ ಒಡ್ಡಿಕೊಂಡೇ ತಲೆಯಾಡಿಸಿದಳು. ಮಗಳು ಪ್ರಣೀತಾ ಆ ಮಣ್ಣಿನಡಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಸಮಾಧಾನದ ಮಾತು ಸಿಕ್ಕೀತೆಂದೇ ಅವಳು ಬಂದದ್ದು.

"ನಾಗಬನದ ಮರ ಕಡಿದವರನ್ನು ನಾಗ ಸುಮ್ಮನೆ ಬಿಡುತ್ತಾನೆಯೇ ತಾಯಿ? ಮಾಡಿದ್ದನ್ನು ಉಣ್ಣಲೇಬೇಕು," ಎಂದು ಹಿಂದಿನ ಸಾಲಿಗೂ ಕೇಳುವಂತೆ ಹೇಳಿ ಅವರು ಅಕ್ಷತೆ ಹಾಕಿದರು.

ವೇದಾವತಿಯ ಬೊಗಸೆ ಸಡಿಲಿ ಅಕ್ಕಿಕಾಳು ನೆಲಕ್ಕೆ ಚೆಲ್ಲಿತು. ಮನೆಯ ಹಿಂದಿನ ಗುಡ್ಡದ ಬನದ ಬಗ್ಗೆ, "ನಾಗ ಹೀಗೆ ಕಾಡುಮರಗಳ ನಡುವೆ ಇರಬಾರದು, ಎಲ್ಲ ತೆಗೆದು ಕಲ್ಲಿನ ಕಟ್ಟೆ ಕಟ್ಟಿಸಿ" ಎಂದು ಅಪ್ಪಣೆ ಕೊಟ್ಟದ್ದು, ಆಮೇಲೆ ಬಂದು ಪ್ರತಿಷ್ಠೆ ಮಾಡಿದ್ದು ಇದೇ ಸ್ವಾಮೀಜಿ. "ಗುಡ್ಡವನ್ನು ಹಿಡಿದು ನಿಲ್ಲಿಸಿದ್ದೇ ಆ ಬೇರುಗಳು, ಅತ್ತಿಗೆ" ಎಂದ ಮೈದುನನ ಬಾಯಿಯನ್ನು ಅಂದು ಮುಚ್ಚಿಸಿದವಳು ಅವಳೇ.

"ಕಡಿಲಿಕ್ಕೆ ಹೇಳಿದ್ದು ನೀವೇ ಅಲ್ವಾ ಸ್ವಾಮಿ?" ಎಂದಳು. ಪಕ್ಕದಲ್ಲಿದ್ದ ಗಂಡ ಕುಶಾಲಪ್ಪನತ್ತ ತಿರುಗಿದಳು. "ನೀವೂ ಅಲ್ಲೇ ಇದ್ರಲ್ಲ, ಒಮ್ಮೆ ಹೇಳಿ ಮಾರಾಯ್ರೆ."

ಕುಶಾಲಪ್ಪ ಬಗ್ಗಿದ. ನೆಲಕ್ಕೆ ಬಿದ್ದ ಕಾಳುಗಳನ್ನು ಆಯ್ದು, ಕಣ್ಣಿಗೊತ್ತಿ, ತಲೆಗೆ ಹಾಕಿಕೊಂಡ.

"ತಪ್ಪು ನಮ್ಮದೇ ಸ್ವಾಮಿ," ಎಂದ. "ಮಗಳು ಹೋದ ಮೇಲೆ ಇವಳಿಗೆ ತಲೆ ಸರಿ ಇಲ್ಲ."